ಉಳಿದ ಒಂದು ಪರ್ಸೆಂಟ್

ಆ ಊರಿನಲ್ಲಿ ದೊಡ್ಡ ಮನುಷ್ಯರಿಗೆ ಬರವಿರಲಿಲ್ಲ. ನಗರಸಭೆಗೆ ಒಬ್ಬ ಅಧ್ಯಕ್ಷರಿದ್ದರು, ಒಬ್ಬ ಉಪಾಧ್ಯಕ್ಷರಿದ್ದರು, ತಾವೇ ಅಧ್ಯಕ್ಷರೆಂದು ತಿಳಿದುಕೊಂಡ ಇನ್ನೂ ಏಳೆಂಟು ಜನರಿದ್ದರು. ಎದುರಿಗೆ ಸಿಕ್ಕರೆ ಜನ ಅವರಿಗೆಲ್ಲ ಕೈ ಮುಗಿಯುತ್ತಿದ್ದರು. ಬೆನ್ನು ತಿರುಗಿಸಿದ ಮೇಲೆ ಏನನ್ನುತ್ತಿದ್ದರು ಅನ್ನುವುದು ಬೇಡ ಬಿಡಿ. ಆದರೆ ಎದುರಿಗೂ ಬೆನ್ನ ಹಿಂದೆಯೂ ಒಂದೇ ಸಮನಾಗಿ ಮರ್ಯಾದೆ ಸಿಗುತ್ತಿದ್ದುದು ಇಡೀ ಊರಿಗೆ ಒಬ್ಬನಿಗೆ ಮಾತ್ರ. ಅವನೇ ನೀರಜ್ಜ.

ನೀರಜ್ಜ ಅಂದರೆ ಊರಿನ ಹನ್ನೊಂದು ವಾರ್ಡುಗಳಲ್ಲಿ ನಗರಸಭೆ ಇದ್ದ ವಾರ್ಡಿನ ನಲ್ಲಿಗೆ ನೀರು ಬಿಡುವವನು. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ, ಎದೆಯೆತ್ತರದ ಕಬ್ಬಿಣದ ಸಲಾಕೆಯನ್ನು ಹೆಗಲ ಮೇಲಿಟ್ಟುಕೊಂಡು ಬೀದಿಯ ಮೂಲೆಗೆ ಬರುತ್ತಿದ್ದ. ಅಲ್ಲಿ ನೆಲದಲ್ಲೊಂದು ಗುಂಡಿ, ಗುಂಡಿಗೊಂದು ಚಪ್ಪಡಿ, ಚಪ್ಪಡಿ ಸರಿಸಿದರೆ ಒಳಗೆ ವಾಲ್ವು. ಸಲಾಕೆಯ ತುದಿಯನ್ನು ವಾಲ್ವಿನ ತಲೆಗೆ ಸಿಕ್ಕಿಸಿ, ಮೇಲಿನ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಣದೆತ್ತಿನ ಹಾಗೆ ಗುಂಡಿಯ ಸುತ್ತ ಸುತ್ತುತ್ತಿದ್ದ. ಒಂದು ಸುತ್ತು ಕಡಿಮೆಯಾದರೆ ಕಡೆಯ ಮನೆಯ ನಲ್ಲಿ ಬರೀ ಉಸ್ ಅನ್ನುತ್ತಿತ್ತು. ಹೀಗಾಗಿ ಕಡೆಯ ಮನೆಯವರು ನೀರಜ್ಜನನ್ನು ಕಂಡರೆ ತಮ್ಮ ಸ್ವಂತ ಅಜ್ಜನನ್ನೂ ಮರೆಯುತ್ತಿದ್ದರು.

ಆದರೆ ನಮ್ಮ ಕಥೆ ನೀರಜ್ಜನದಲ್ಲ, ಐದ್ನಿಮಿಷಪ್ಪನದು.

ಐದ್ನಿಮಿಷಪ್ಪನಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ನಗರಸಭೆ ಕಟ್ಟಡದ ಮೆಟ್ಟಿಲ ಕೆಳಗಿನ ನಾಲ್ಕಡಿ ಜಾಗದಲ್ಲಿ ಅವನ ಗಡಿಯಾರ ರಿಪೇರಿ ಅಂಗಡಿ. ಯಾರು ಯಾವಾಗ ಹೋಗಿ "ನಮ್ಮ ವಾಚು ಆಯ್ತೇನಪ್ಪಾ?" ಅಂದರೂ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ "ಐದು ನಿಮಿಷ" ಅನ್ನುತ್ತಿದ್ದ. ಆ ಐದು ನಿಮಿಷ ಕೆಲವರಿಗೆ ಒಂದು ವಾರ ನಡೆದಿದೆ, ಒಬ್ಬ ವಕೀಲರಿಗೆ ಎರಡು ವರ್ಷ. ಅಂಗಡಿಯ ಗೋಡೆಯ ಮೇಲೆ ಹದಿನಾಲ್ಕು ಗಡಿಯಾರಗಳಿದ್ದವು, ಹದಿನಾಲ್ಕೂ ಬೇರೆ ಬೇರೆ ಸಮಯ ತೋರಿಸುತ್ತಿದ್ದವು. ನಗರಸಭೆಯ ನೌಕರರು ಬೆಳಿಗ್ಗೆ ಬರುವಾಗ ಅದರಲ್ಲಿ ತಮಗೆ ಅನುಕೂಲವಾದದ್ದನ್ನು ನೋಡಿಕೊಂಡು ಮೇಲೆ ಹತ್ತುತ್ತಿದ್ದರು.

ಮನೆಯಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಕಿಟಕಿ ಪಕ್ಕದ ಕೈಕುರ್ಚಿಯನ್ನು ನೋಡಬೇಕು. ಮದುವೆಯಾದ ಹೊಸದರಲ್ಲಿ ಅವನೇ ನಾಲ್ಕು ಅಂಗಡಿ ತಿರುಗಿ ಆರಿಸಿ ತಂದ ಕುರ್ಚಿ ಅದು. ಸಂಜೆ ಬಂದು ಅದರಲ್ಲಿ ಕಾಲು ಚಾಚಿ ಕೂರಬೇಕು ಅನ್ನುವುದು ಅವನ ಜೀವಮಾನದ ಆಸೆ. ಅದಕ್ಕಿಂತ ದೊಡ್ಡ ಆಸೆಯನ್ನು ಅವನು ಇಟ್ಟುಕೊಂಡವನೇ ಅಲ್ಲ. ಆದರೆ ಆರು ವರ್ಷದ ಹಿಂದೆ ಹೆಂಡತಿಯ ತಮ್ಮ 'ಒಂದು ವಾರದ ಮಟ್ಟಿಗೆ' ಅಂತ ಬಂದು ಆ ಕುರ್ಚಿಯಲ್ಲಿ ಕೂತವನು ಇನ್ನೂ ಎದ್ದಿರಲಿಲ್ಲ. ಅವನು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದ. ಓದುವ ಸದ್ದು ಕೆಲವೊಮ್ಮೆ ಗೊರಕೆಯ ಹಾಗೆ ಕೇಳಿಸುತ್ತಿತ್ತು, ಅಷ್ಟೆ.

"ಭಾವ, ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ಬರ್ತಿದೀರ," ಅನ್ನುತ್ತಿದ್ದ ಭಾವಮೈದ.

"ರೀ, ಅವನಿಗೆ ತೊಂದರೆ ಕೊಡಬೇಡಿ, ಓದ್ಕೊಳ್ಳಲಿ ಪಾಪ," ಅನ್ನುತ್ತಿದ್ದಳು ಹೆಂಡತಿ.

ಐದ್ನಿಮಿಷಪ್ಪ ಬಾಗಿಲ ಬಳಿಯ ಚಾಪೆಯಲ್ಲಿ ಮಂಡಿ ಮಡಚಿ ಕೂರುತ್ತಿದ್ದ. ಹೆಂಡತಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಅವನು ಅಂಗಡಿಯಲ್ಲಿದ್ದಾಗ ದಿನಕ್ಕೆರಡು ಸಲವಾದರೂ ಫೋನ್ ಮಾಡುತ್ತಿದ್ದಳು. ಆದರೆ ಒಂದೇ ರಿಂಗು, ಕಟ್. ಆ ಮಿಸ್ಡ್ ಕಾಲಿನ ಅರ್ಥ 'ಇರೋ ಕೆಲಸ ಬಿಟ್ಟು ಈಗಲೇ ಬನ್ನಿ'. ಯಾಕೆ ಅನ್ನುವುದು ಬಂದ ಮೇಲೆ ಗೊತ್ತಾಗುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ನೀರಜ್ಜ ಸಲಾಕೆ ಹೊತ್ತು ನಗರಸಭೆಯ ಮೆಟ್ಟಿಲು ಹತ್ತಿದ. ಅರ್ಧ ಗಂಟೆ ಬಿಟ್ಟು ಇಳಿದ. ಮತ್ತೆ ಹತ್ತಿದ, ಮತ್ತೆ ಇಳಿದ. ನಾಲ್ಕನೇ ಸಲ ಇಳಿದಾಗ ಅವನ ಮುಖದಲ್ಲಿ ಒಂದು ಥರದ ಶಾಂತಿ ಇತ್ತು. ಸಲಾಕೆಯನ್ನು ಐದ್ನಿಮಿಷಪ್ಪನ ಅಂಗಡಿಯ ಗೋಡೆಗೆ ಒರಗಿಸಿದ.

"ಇದನ್ನ ಒಂಚೂರು ನೋಡ್ಕೊಳ್ಳಪ್ಪ. ಐದು ನಿಮಿಷದಲ್ಲಿ ಬಂದೆ."

ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಐದ್ನಿಮಿಷಪ್ಪ ಅನುಮಾನಪಡುತ್ತಿದ್ದನೋ ಏನೋ. ಕಳ್ಳನಿಗೆ ಕಳ್ಳನ ಗುರುತು ಸಿಗಬೇಕಲ್ಲ, ಸಿಗಲಿಲ್ಲ. "ಹೂಂ ಅಜ್ಜ" ಅಂದುಬಿಟ್ಟ. ನೀರಜ್ಜ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಆ ವೇಳೆಗೆ ಅವನು ರಿಟೈರಾಗಿ ಮೂರು ದಿನವಾಗಿತ್ತು ಅನ್ನುವುದೂ, ಬೇರೆ ಊರಿನಲ್ಲಿರುವ ಮಗಳ ಮನೆಗೆ ಟಿಕೆಟ್ಟು ಜೇಬಿನಲ್ಲಿತ್ತು ಅನ್ನುವುದೂ ಆಮೇಲೆ ತಿಳಿದ ವಿಷಯ.

ಸಂಜೆಯಾಯಿತು. ಅಜ್ಜ ಬರಲಿಲ್ಲ. ಕಬ್ಬಿಣವನ್ನು ಬೀದಿಯಲ್ಲಿ ಬಿಟ್ಟರೆ ಗುಜರಿಯವನ ಪಾಲು. ಐದ್ನಿಮಿಷಪ್ಪ ಅಂಗಡಿಗೆ ಬೀಗ ಹಾಕಿ, ಸಲಾಕೆಯನ್ನು ಹೆಗಲಿಗೇರಿಸಿಕೊಂಡು ಮನೆಗೆ ಹೊರಟ.

ಬೀದಿಗೆ ಕಾಲಿಟ್ಟಿದ್ದೇ ತಡ, ಮೊದಲನೇ ಮನೆಯ ಕಿಟಕಿ ತೆರೆಯಿತು. ಎರಡನೇ ಮನೆಯ ಬಾಗಿಲು ತೆರೆಯಿತು. ಇಪ್ಪತ್ತು ವರ್ಷದಿಂದ ಅವನನ್ನು "ಏ ಗಡಿಯಾರ" ಎಂದೇ ಕರೆಯುತ್ತಿದ್ದ ರಿಟೈರ್ಡ್ ಹೆಡ್‌ಮಾಸ್ತರು ಓದುತ್ತಿದ್ದ ಪೇಪರನ್ನು ಮಡಚಿ, ಕನ್ನಡಕ ಮೇಲೇರಿಸಿ, ಗೇಟಿನ ತನಕ ನಡೆದುಬಂದರು.

"ಏನು ಸ್ವಾಮಿ, ತಮ್ಮ ಕೈಗೆ ಬಂತಾ?"

ಐದ್ನಿಮಿಷಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. 'ಸ್ವಾಮಿ' ಅಂದದ್ದೂ 'ತಮ್ಮ' ಅಂದದ್ದೂ ತನಗೇ ಅಂತ ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಗ 'ಇಲ್ಲ ಮೇಷ್ಟ್ರೇ, ಅಜ್ಜ ಇಟ್ಟು ಹೋಗಿದಾರೆ, ನಾಳೆ ಕೊಟ್ಟುಬಿಡ್ತೀನಿ' ಅಂದಿದ್ದರೆ ಕಥೆ ಅಲ್ಲಿಗೇ ಮುಗಿದು ನಾವೆಲ್ಲ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಅವನು ಹಾಗೆ ಅನ್ನಲಿಲ್ಲ.

"ಏನೋ... ಕರೆದು ಕೊಟ್ರು," ಅಂದ.

"ಕೊಡಬೇಕಾದವರಿಗೇ ಕೊಟ್ಟಿದಾರೆ ಬಿಡಿ! ನನಗೆ ಮೊದಲೇ ಗೊತ್ತಿತ್ತು, ಒಂದಲ್ಲ ಒಂದು ದಿನ ಇವರು ಮೇಲೆ ಬರ್ತಾರೆ ಅಂತ," ಎಂದು ಹೆಡ್‌ಮಾಸ್ತರು ಸಾರಿದರು. ಎದುರು ಮನೆಯ ಟೈಲರಮ್ಮ ಬಾಯಲ್ಲಿದ್ದ ದಾರವನ್ನು ಉಗಿದು, "ಅಣ್ಣಾ, ನಮ್ಮದು ಕಡೇ ಮನೆ ಅಣ್ಣಾ. ನಿಮ್ಮ ತಂಗಿ ಅಂದ್ಕೊಂಡು ಇನ್ನೆರಡು ಸುತ್ತು ಜಾಸ್ತಿ ಹಾಕಿ. ನಿಮ್ಮ ಹರಿದ ಪ್ಯಾಂಟು ಎಷ್ಟಿದ್ರೂ ತಂದುಕೊಡಿ," ಅಂದಳು. ಹೋದ ವಾರವಷ್ಟೇ ಇದೇ ಟೈಲರಮ್ಮ ಅವನ ಪ್ಯಾಂಟನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಹೊಲಿಯೋಕೆ ಬಟ್ಟೆ ಎಲ್ಲಿದೆ?" ಎಂದು ವಾಪಸ್ ಕೊಟ್ಟಿದ್ದಳು.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಒಳಗೆ ಕಾಲಿಟ್ಟರೆ ಕಂಡದ್ದೇನು? ಭಾವಮೈದ ನಿಂತಿದ್ದ! ಆರು ವರ್ಷದಲ್ಲಿ ಅವನ ಪೂರ್ತಿ ಎತ್ತರವನ್ನು ಐದ್ನಿಮಿಷಪ್ಪ ನೋಡಿದ್ದು ಅದೇ ಮೊದಲು. ಸಾಕಷ್ಟು ಉದ್ದವಿದ್ದ ಹುಡುಗ.

"ಭಾವ, ಕೂತ್ಕೊಳ್ಳಿ," ಎಂದು ಕುರ್ಚಿ ತೋರಿಸಿದ.

ಐದ್ನಿಮಿಷಪ್ಪ ಸಲಾಕೆಯನ್ನು ಕುರ್ಚಿಯ ಪಕ್ಕಕ್ಕೆ ಒರಗಿಸಿ, ಕೂತ. ಬೆನ್ನು ಚೆಲ್ಲಿದ. ಕಾಲು ಚಾಚಿದ. ಹೆಂಡತಿ ಕೇಳದೆಯೇ ಟೀ ತಂದಳು, ಅದೂ ಅವನ ಲೋಟದಲ್ಲಲ್ಲ, ನೆಂಟರ ಲೋಟದಲ್ಲಿ. ಆ ಸುಖದಲ್ಲಿ ಅವನ ಕಣ್ಣು ತುಂಬಿ ಬಂತು. ಟೀ ಬಿಸಿಯಾಗಿತ್ತು ಅನ್ನುವ ನೆಪವನ್ನು ಅವನು ಯಾರಿಗೂ ಹೇಳಬೇಕಾಗಲಿಲ್ಲ, ಯಾರೂ ಕೇಳಲಿಲ್ಲ.

ಬುಧವಾರ ನೀರು ಬರುವ ದಿನ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದರೆ ಇಡೀ ಬೀದಿ ಕೊಡ, ಬಕೆಟ್ಟು ಹಿಡಿದು ಎದುರಿಗೆ ನಿಂತಿದೆ. ಮರ್ಯಾದೆ ಬಂದದ್ದು ಸಲಾಕೆಯಿಂದ, ಸಲಾಕೆಯಿಂದ ಬರಬೇಕಾದದ್ದು ನೀರು ಎಂಬ ಸಂಬಂಧ ಎರಡು ದಿನ ಅವನಿಗೆ ಮರೆತೇ ಹೋಗಿತ್ತು.

ಮೂಲೆಯ ಗುಂಡಿಯ ಸುತ್ತ ಜನ ಸೇರಿದರು. ಸಲಾಕೆಯನ್ನು ವಾಲ್ವಿಗೆ ಸಿಕ್ಕಿಸುವುದೇನೋ ಆಯಿತು. ಎಡಕ್ಕೋ ಬಲಕ್ಕೋ?

"ಎಡಕ್ಕೆ," ಅಂದರು ಹೆಡ್‌ಮಾಸ್ತರು. "ಪ್ರಪಂಚದಲ್ಲಿ ಯಾವುದೇ ನಲ್ಲಿ ಆಗಲಿ, ಬಾಟಲಿ ಮುಚ್ಚಳ ಆಗಲಿ, ಎಡಕ್ಕೆ ತಿರುಗಿಸಿದರೇನೇ ತೆರೆಯೋದು. ಇದು ವಿಜ್ಞಾನ."

ಐದ್ನಿಮಿಷಪ್ಪನಿಗೆ ವಿಜ್ಞಾನ ಗೊತ್ತಿರಲಿಲ್ಲ. ಅವನ ಕೈಗೆ ಗೊತ್ತಿದ್ದದ್ದು ಒಂದೇ ದಿಕ್ಕು, ಗಡಿಯಾರದ ಮುಳ್ಳು ಹೋಗುವ ದಿಕ್ಕು. ಗಾಬರಿಯಲ್ಲಿ ಅದೇ ಕಡೆಗೆ ತಿರುಗಿಸಿದ. ಆ ವಾಲ್ವನ್ನು ಕೂರಿಸಿದ ಕಂಟ್ರಾಕ್ಟರು ಎಂಥ ಪುಣ್ಯಾತ್ಮನೋ ಏನೋ, ಉಲ್ಟಾ ತಿರುಗುವ ಮಾಲನ್ನು ತಂದು ಹಾಕಿದ್ದ. ಇಪ್ಪತ್ತು ಸುತ್ತು ಹಾಕುವಷ್ಟರಲ್ಲಿ ನೆಲದೊಳಗೆ ಗುಡುಗುಡು ಸದ್ದಾಯಿತು. ಟೈಲರಮ್ಮನ ಮನೆಯಿಂದ "ಬಂತೂ!" ಎಂಬ ಕೂಗು ಬಂತು. ಹೆಡ್‌ಮಾಸ್ತರು ತಲೆಯಾಡಿಸಿ, "ಅನುಭವದ ಮುಂದೆ ವಿಜ್ಞಾನ ಏನ್ರೀ," ಅಂದರು.

ಇಷ್ಟಾದರೂ ಐದ್ನಿಮಿಷಪ್ಪ ಮೂಲದಲ್ಲಿ ಪ್ರಾಮಾಣಿಕ. ಅಥವಾ ಪುಕ್ಕಲ, ಎರಡೂ ಒಂದೇ ಕಡೆಗೆ ಕರೆದೊಯ್ಯುತ್ತವೆ. ಅವತ್ತೇ ಹನ್ನೊಂದಕ್ಕೆ ಸಲಾಕೆ ಹೊತ್ತು ನಗರಸಭೆಯ ಮೆಟ್ಟಿಲು ಹತ್ತಿ ನೀರು ವಿಭಾಗದ ಗುಮಾಸ್ತರ ಮುಂದೆ ನಿಂತ.

"ಸಾರ್, ನೀರಜ್ಜ ಇದನ್ನ ಬಿಟ್ಟು ಹೋಗಿದಾರೆ. ತಗೊಂಡು ಒಂದು ಸೈನ್ ಹಾಕಿ."

ಗುಮಾಸ್ತರು ಸಲಾಕೆಯನ್ನು ನೋಡಿದರು. ಸಲಾಕೆಯ ಆಚೆಗಿನ ಗೋಡೆಯನ್ನು ನೋಡಿದರು. "ಏನನ್ನ?"

"ಈ ಸಲಾಕೇನ."

"ಯಾವ ಸಲಾಕೆ?"

ಐದ್ನಿಮಿಷಪ್ಪ ಅದನ್ನು ಎತ್ತಿ ಮೇಜಿನ ಮೇಲೆ ಢಣ್ ಎಂದು ಇಟ್ಟ. ಟೀ ಲೋಟ ಒಂದಡಿ ಹಾರಿತು. ಗುಮಾಸ್ತರು ಚೆಲ್ಲಿದ ಟೀಯನ್ನು ಫೈಲಿನಿಂದ ಒರೆಸುತ್ತ, "ನೋಡಪ್ಪಾ, ಹೋದ ವರ್ಷವೇ ಈ ವಾರ್ಡಿನ ನೀರು ಸರಬರಾಜು ಆಟೋಮ್ಯಾಟಿಕ್ ಆಗಿದೆ. ರಿಜಿಸ್ಟರಿನಲ್ಲಿ ಸಲಾಕೆ ಅನ್ನೋ ಪದಾರ್ಥವೇ ಇಲ್ಲ. ಇಲ್ಲದೇ ಇರೋದನ್ನ ನಾನು ಹೇಗೆ ತಗೊಳ್ಳಲಿ?" ಅಂದರು.

"ಹಾಗಾದ್ರೆ ನೀರಜ್ಜ?"

"ಅವರು ಮಾಲಿ. ಮೊನ್ನೆ ರಿಟೈರಾದರು. ಗಿಡಗಳನ್ನ ಚೆನ್ನಾಗಿ ನೋಡ್ಕೋತಿದ್ದರು."

ಐದ್ನಿಮಿಷಪ್ಪ ಸುತ್ತ ನೋಡಿದ. ಆ ಕಚೇರಿಯಲ್ಲಿ ಗಿಡ ಹಾಗಿರಲಿ, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಢಣ್ ಸದ್ದಿಗೆ ಒಳಗಿನ ಕೋಣೆಯಿಂದ ಎಂಜಿನಿಯರು ಬಂದರು. ಸಲಾಕೆ ಕಂಡದ್ದೇ ಐದ್ನಿಮಿಷಪ್ಪನ ಭುಜದ ಮೇಲೆ ಕೈ ಹಾಕಿ ಒಳಗೆ ಕರೆದೊಯ್ದು, ಬಾಗಿಲು ಹಾಕಿ, ಫ್ಯಾನು ಜೋರು ಮಾಡಿದರು. ಕೋಣೆಯ ಮಧ್ಯದಲ್ಲಿ ಬೀರುವಿನಷ್ಟು ದೊಡ್ಡದೊಂದು ಯಂತ್ರ. ಅದರ ತುಂಬ ಕೆಂಪು, ಹಸಿರು ದೀಪ. ನಡುವೆ ಅಂಗೈಯಗಲದ ಬಟನ್.

"ಬೆಳಿಗ್ಗೆ ನೀರು ಬಿಟ್ಟಿದ್ದು ನೀವೇನಾ? ಭೇಷ್! ನೋಡಿ, ಯಂತ್ರ ಬಂದಿದೆ. ಉದ್ಘಾಟನೆ ಆಗಿದೆ. ಈ ಬಟನ್ ಒತ್ತಿದರೆ ಹಸಿರು ದೀಪ ಹತ್ತುತ್ತೆ. ಇಲ್ಲಿಂದ ವಾಲ್ವಿನ ತನಕ ವೈರು ಎಳೆಯೋದೊಂದು ಬಾಕಿ. ಅದು ಎರಡನೇ ಹಂತದಲ್ಲಿ ಬರುತ್ತೆ. ಅಂದರೆ ತೊಂಬತ್ತೊಂಬತ್ತು ಪರ್ಸೆಂಟ್ ಕೆಲಸ ಮುಗಿದಿದೆ."

"ಉಳಿದ ಒಂದು ಪರ್ಸೆಂಟ್ ಸಾರ್?"

"ಅದು ನೀವು."

ತನ್ನನ್ನು ಇಷ್ಟು ದೊಡ್ಡ ಯಂತ್ರದ ಜೊತೆಗೆ ಸೇರಿಸಿ ಯಾರೂ ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಐದ್ನಿಮಿಷಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತ.

ಎಂಜಿನಿಯರು ದನಿ ತಗ್ಗಿಸಿದರು. ಬರುವ ಸೋಮವಾರ ರಾಜಧಾನಿಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಯಂತ್ರ ಪರೀಕ್ಷೆ ಮಾಡುತ್ತಾರೆ. ಮೆಚ್ಚಿದರೆ ಊರಿಗೆ ಪ್ರಶಸ್ತಿ. ಅವರು ಬಟನ್ ಒತ್ತುತ್ತಾರೆ, ಅಂಗಳದ ನಲ್ಲಿಯಲ್ಲಿ ನೀರು ಬರಬೇಕು. "ಅವರು ಒತ್ತಿದ ತಕ್ಷಣ ನಾನು ಜೇಬಿನೊಳಗಿಂದಲೇ ನಿಮಗೆ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ನೀವು ಗುಂಡಿ ಹತ್ತಿರ ರೆಡಿ ಇರಬೇಕು. ಮೊದಲನೇ ಕಾಲ್‌ಗೆ ತೆಗೀಬೇಕು, ಎರಡನೇ ಕಾಲ್‌ಗೆ ಮುಚ್ಚಬೇಕು. ಗೊತ್ತಾಯ್ತಾ? ಒಂದು ಸಲ ಮಾತ್ರ ಸಮಯಕ್ಕೆ ಸರಿಯಾಗಿ ಕೆಲಸ ಮಾಡ್ರಪ್ಪ, ನನ್ನ ವಾಚು ನಿಮ್ಮ ಹತ್ತಿರ ಎಂಟು ತಿಂಗಳಿಂದ ಇದೆ."

"ಐದು ನಿಮಿಷದಲ್ಲಿ ಕೊಡ್ತೀನಿ ಸಾರ್," ಅಂದ ಐದ್ನಿಮಿಷಪ್ಪ.

ಸೋಮವಾರ ಬಂತು. ಮೂಲೆಯ ಗುಂಡಿಯ ಪಕ್ಕ ಕಲ್ಲಿನ ಮೇಲೆ ಐದ್ನಿಮಿಷಪ್ಪ ಕೂತಿದ್ದ. ಒಗೆದ ಅಂಗಿ, ಟೈಲರಮ್ಮ ಹೊಲಿದುಕೊಟ್ಟ ಪ್ಯಾಂಟು. ಸಲಾಕೆ ವಾಲ್ವಿಗೆ ಸಿಕ್ಕಿಸಿ ನಿಂತಿತ್ತು. ಫೋನು ಅಂಗಿಯ ಜೇಬಿನಲ್ಲಿ. ಅದನ್ನು ತೆಗೆದು ನೋಡುವ ಹಾಗಿರಲಿಲ್ಲ, ಎರಡೂ ಕೈ ಅಡ್ಡಪಟ್ಟಿಯ ಮೇಲಿರಬೇಕು ಅಂತ ಅವನೇ ಶಿಸ್ತು ಹಾಕಿಕೊಂಡಿದ್ದ. ಸರ್ಕಾರಕ್ಕೆ ಒಂದು ಕ್ಷಣವೂ ತಡವಾಗಕೂಡದು ನೋಡಿ. ಕಾರ್ಯಕ್ರಮ ಹನ್ನೊಂದಕ್ಕೆ ಇತ್ತು. ಹನ್ನೊಂದೂವರೆಯಾಯಿತು. ಹನ್ನೆರಡಾಯಿತು. ಬೆವರು ಇಳಿಯತೊಡಗಿತು. ಅಷ್ಟರಲ್ಲಿ ಜೇಬು ಒಂದೇ ಸಲ ರಿಂಗಣಿಸಿ ಸುಮ್ಮನಾಯಿತು.

ಐದ್ನಿಮಿಷಪ್ಪ ಎದ್ದು ಸುತ್ತತೊಡಗಿದ. ಇಪ್ಪತ್ತು ಸುತ್ತನ್ನು ಉಸಿರು ಬಿಡದೆ ಸುತ್ತಿದ.

ಕಾಲ್ ಕೊಟ್ಟದ್ದು ಹೆಂಡತಿ. ಊಟಕ್ಕೆ ಹೊತ್ತಾಗಿತ್ತು.

ಅತ್ತ ಅಂಗಳದಲ್ಲಿ ಏನಾಯಿತು ಅನ್ನುವುದನ್ನು ಕಣ್ಣಾರೆ ಕಂಡ ಜವಾನ ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಯಂತ್ರವನ್ನು ಅಂಗಳಕ್ಕೇ ತಂದು ಇಟ್ಟಿದ್ದರು. ಅಧ್ಯಕ್ಷರ ಭಾಷಣ ಮುಗಿಯುವ ಹಂತಕ್ಕೆ ಬಂದು, ಮನಸ್ಸು ಬದಲಾಯಿಸಿ, ಮತ್ತೆ ಮೊದಲಿಂದ ಶುರುವಾಗಿತ್ತು. ದೊಡ್ಡ ಸಾಹೇಬರಿಗೆ ಸಾಕೋ ಸಾಕಾಗಿ, ಅರ್ಧಕ್ಕೇ ಎದ್ದು ಯಂತ್ರದ ಮುಂದೆ ನಿಂತಿದ್ದರು. ಇನ್ನೂ ಬಟನ್ ಮುಟ್ಟಿರಲಿಲ್ಲ. ಆಗ ನಲ್ಲಿ ಎರಡು ಸಲ ಕೆಮ್ಮಿ, ಭೋರೆಂದು ನೀರು ಸುರಿಯಿತು. ಅಧ್ಯಕ್ಷರ ಮಾತು ನಿಂತಿತು. ಎಲ್ಲರೂ ನಲ್ಲಿಯನ್ನು ನೋಡಿದರು, ಆಮೇಲೆ ಸಾಹೇಬರ ಬೆರಳನ್ನು ನೋಡಿದರು. ಬೆರಳು ಬಟನ್ನಿಂದ ಒಂದು ಗೇಣು ದೂರದಲ್ಲಿತ್ತು.

"ಏನ್ರೀ ಇದು? ನಾನಿನ್ನೂ ಒತ್ತೇ ಇಲ್ಲ!"

ಎಂಜಿನಿಯರು ಇನ್ನೂ ಕಾಲ್ ಕೊಟ್ಟೇ ಇರಲಿಲ್ಲ. ಆದರೆ ಮೂವತ್ತು ವರ್ಷದ ಸರ್ವಿಸು, ಅದೇನು ಕಡಿಮೆಯೇ? "ಸಾರ್," ಅಂದರು, "ಒತ್ತೋದು ಹಳೇ ಪದ್ಧತಿ ಸಾರ್. ಇದು ಮುಂದಿನ ಹಂತದ್ದು. ಒತ್ತಬೇಕು ಅಂತ ಮನಸ್ಸಿಗೆ ಬಂದರೆ ಸಾಕು, ಯಂತ್ರಕ್ಕೆ ತಿಳಿಯುತ್ತೆ."

ಸಾಹೇಬರು ತಮ್ಮ ಬೆರಳನ್ನೇ ನೋಡಿಕೊಂಡರು. ಅವರ ಮುಖ ನಿಧಾನಕ್ಕೆ ಅರಳಿತು. "ಅಲ್ಲಾ ಕಣ್ರೀ... ನಿಜವಾಗ್ಲೂ ನಾನು ಮನಸ್ಸಲ್ಲಿ ಅಂದ್ಕೊಂಡೆ! ಈ ಭಾಷಣ ಸಾಕು, ಒತ್ತಿಬಿಡೋಣ ಅಂತ!"

ಅಧ್ಯಕ್ಷರ ಮುಖ ಸಪ್ಪಗಾದರೂ ಚಪ್ಪಾಳೆಗೇನೂ ಕೊರತೆಯಾಗಲಿಲ್ಲ.

"ಈಗ ನಿಲ್ಲಿಸೋದನ್ನ ನೋಡೋಣ," ಎಂದು ಸಾಹೇಬರು ಬಟನ್ ಒತ್ತಿದರು. ಎಂಜಿನಿಯರು ಜೇಬಿಗೆ ಕೈ ಹಾಕಿ ಕಾಲ್ ಕೊಟ್ಟರು. ಐದ್ನಿಮಿಷಪ್ಪನಿಗೆ ಅದು ಎರಡನೇ ಕಾಲ್. ಶಿಸ್ತಾಗಿ ಮುಚ್ಚಿದ. ನೀರು ನಿಂತಿತು. ಮತ್ತೆ ಚಪ್ಪಾಳೆ.

ಇಷ್ಟರಲ್ಲಿ ಮನೆಯಲ್ಲಿ ಹೆಂಡತಿಗೆ ತಲೆ ಕೆಟ್ಟಿತ್ತು. ನೀರು ಬರುವ ದಿನವಲ್ಲ, ಆದರೂ ನೀರು ಬಂತು. ಓಡಿ ಹೋಗಿ ಕೊಡ ಇಟ್ಟಳು, ಅರ್ಧ ಕೊಡಕ್ಕೆ ನಿಂತುಹೋಯಿತು. ಪಕ್ಕದ ಮನೆಯಲ್ಲಿ ಹೆಡ್‌ಮಾಸ್ತರು, ಅಪರೂಪಕ್ಕೆ ಬಂದ ನೀರು ಅಂತ ತಲೆಗೆ ಸೋಪು ಹಚ್ಚಿಕೊಂಡಿದ್ದವರು, ಕಣ್ಣು ಬಿಡಲಾಗದೆ ಬಚ್ಚಲಿನಿಂದ ಕೂಗುತ್ತಿದ್ದರು. ಊಟಕ್ಕೂ ಬರಲಿಲ್ಲ, ನೀರಲ್ಲೂ ಹುಡುಗಾಟ! ಅವಳು ಸಿಟ್ಟಿನಿಂದ ಇನ್ನೊಂದು ಮಿಸ್ಡ್ ಕಾಲ್ ಕೊಟ್ಟಳು.

ಮೂರನೇ ಕಾಲಿನ ಬಗ್ಗೆ ಎಂಜಿನಿಯರು ಏನೂ ಹೇಳಿರಲಿಲ್ಲ. ಐದ್ನಿಮಿಷಪ್ಪ ಒಂದು ಕ್ಷಣ ಯೋಚಿಸಿದ. ಮುಚ್ಚಿರುವುದನ್ನು ಮತ್ತೆ ಮುಚ್ಚಲು ಬರುವುದಿಲ್ಲವಾದ್ದರಿಂದ ತೆರೆದ.

ಅದೇ ಹೊತ್ತಿಗೆ ದೊಡ್ಡ ಸಾಹೇಬರು ಸಿಹಿ ತಿಂದು, ಅಂಟಂಟಾದ ಕೈಯನ್ನು ಮುಂದೆ ಚಾಚಿಕೊಂಡು ನಲ್ಲಿಯ ಕಡೆ ಎರಡು ಹೆಜ್ಜೆ ಇಟ್ಟಿದ್ದರು. ನಲ್ಲಿ ತಾನಾಗಿಯೇ ಕೆಮ್ಮಿ ನೀರು ಸುರಿಸಿತು. ಸಾಹೇಬರು ಕೈ ತೊಳೆದುಕೊಂಡರು. ಕರ್ಚೀಫಿನಿಂದ ಕೈ ಒರೆಸಿಕೊಂಡವರು, ಅದೇ ಕರ್ಚೀಫಿನಿಂದ ಕಣ್ಣನ್ನೂ ಒರೆಸಿಕೊಂಡರು.

"ಎಂಜಿನಿಯರ್," ಅಂದರು, "ನನ್ನ ಮನೆಯಲ್ಲಿ ಕೂಡ ಯಾರೂ ನನ್ನನ್ನ ಇಷ್ಟು ಅರ್ಥ ಮಾಡ್ಕೊಂಡಿಲ್ಲ."

ಪ್ರಶಸ್ತಿ ಬಂತು. ಪೇಪರಿನಲ್ಲಿ ಸಾಹೇಬರು, ಅಧ್ಯಕ್ಷರು, ಎಂಜಿನಿಯರು ಮತ್ತು ಯಂತ್ರ, ನಾಲ್ವರೂ ಇದ್ದ ಫೋಟೋ ಬಂತು. ಐದ್ನಿಮಿಷಪ್ಪ ಜೀವಮಾನದಲ್ಲಿ ಒಂದೇ ಒಂದು ಸಲ ಒಂದು ಕೆಲಸವನ್ನು ಸಮಯಕ್ಕಿಂತ ಐದು ನಿಮಿಷ ಮುಂಚೆ ಮಾಡಿದ್ದ. ಅದಕ್ಕೆ ಅವನ ಹೆಸರು ಎಲ್ಲೂ ಬರಲಿಲ್ಲ. ಆದರೆ ಅದರ ಫಲ ಮಾತ್ರ ತಪ್ಪದೆ ಬಂತು. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಒಂದು ವಾರ್ಡಿಗೆ ಮಾತ್ರ ಇಟ್ಟು ಉಳಿದ ಹತ್ತು ವಾರ್ಡಿಗೆ ಅನ್ಯಾಯ ಮಾಡಬಾರದು, ಕೂಡಲೇ ಊರಿಗೆಲ್ಲ ವಿಸ್ತರಿಸಿ ಎಂದು ಆದೇಶವಾಯಿತು. ಎರಡೇ ವಾರದಲ್ಲಿ ವಿಸ್ತರಿಸಿದರು. ಹೇಗೆಂದರೆ, ಉಳಿದ ಹತ್ತು ಜನ ನೀರು ಬಿಡುವವರನ್ನೂ ರಿಜಿಸ್ಟರಿನಲ್ಲಿ ಮಾಲಿಗಳೆಂದು ಬರೆದು, ಆ ಹುದ್ದೆಯಿಂದ ಬಿಡುಗಡೆ ಮಾಡಿದರು.

ಮರುದಿನದಿಂದ ಒಬ್ಬೊಬ್ಬರೇ ಸಲಾಕೆ ಹೊತ್ತು ಮೆಟ್ಟಿಲು ಹತ್ತಿದರು, ಇಳಿದರು. ಒಬ್ಬೊಬ್ಬರೇ ಗಡಿಯಾರದ ಅಂಗಡಿಯ ಗೋಡೆಗೆ ಒರಗಿಸಿದರು. "ಒಂಚೂರು ನೋಡ್ಕೊಳ್ಳಪ್ಪ. ಐದು ನಿಮಿಷ."

ಐದ್ನಿಮಿಷಪ್ಪನಿಗೆ ಈಗ ಹನ್ನೊಂದು ಸಲಾಕೆ, ಹನ್ನೊಂದು ಗುಂಡಿ. ಒಂದೊಂದು ವಾಲ್ವಿಗೆ ಒಂದೊಂದು ಬುದ್ಧಿ, ಕೆಲವು ಎಡಕ್ಕೆ, ಕೆಲವು ಬಲಕ್ಕೆ, ಒಂದಕ್ಕೆ ಮೊದಲು ಒದೆಯಬೇಕಿತ್ತು. ಹಗಲೆಲ್ಲ ಸೈಕಲ್ಲಿನಲ್ಲಿ ಸಲಾಕೆ ಕಟ್ಟಿಕೊಂಡು ಊರು ಸುತ್ತುತ್ತಿದ್ದ. ಎಲ್ಲಿ ನೀರು ಕಡಿಮೆಯಾದರೂ ಅಲ್ಲಿಂದ ಬೈಗುಳ. 'ಸ್ವಾಮಿ' ಅಂದಿದ್ದ ಹೆಡ್‌ಮಾಸ್ತರು, ಸೋಪಿನ ಪ್ರಸಂಗವಾದ ಮೇಲೆ, ಮತ್ತೆ "ಏ ಗಡಿಯಾರ" ಅನ್ನತೊಡಗಿದ್ದರು. ಅಂಗಡಿಯಲ್ಲಿ ಕೀಲಿ ಕೊಡುವವರಿಲ್ಲದೆ ಹದಿನಾಲ್ಕು ಗಡಿಯಾರಗಳೂ ನಿಂತುಹೋದವು. ಅದರಿಂದ ನಗರಸಭೆಯ ನೌಕರರಿಗೆ ನಷ್ಟವೇನೂ ಆಗಲಿಲ್ಲ, ಈಗ ಅವರು ಯಾವಾಗ ಬಂದರೂ ಸಮಯಕ್ಕೆ ಸರಿಯಾಗಿಯೇ ಬರುತ್ತಿದ್ದರು.

ಕುರ್ಚಿ? ಕುರ್ಚಿ ಅವನಿಗೇ ಮೀಸಲಾಗಿತ್ತು. ಭಾವಮೈದ ಅದರಲ್ಲಿ ಕೂರುವುದಿರಲಿ, ದಿನಾ ಸಂಜೆ ಬಟ್ಟೆಯಿಂದ ಒರೆಸಿ ಇಡುತ್ತಿದ್ದ. ಆದರೆ ಒಂದು ತಿಂಗಳಿಂದ ಅದರಲ್ಲಿ ಐದು ನಿಮಿಷ ಕೂತಿದ್ದು ಐದ್ನಿಮಿಷಪ್ಪನಿಗೆ ನೆನಪಿಲ್ಲ. ಬೆನ್ನು ತಾಗಿಸುವಷ್ಟರಲ್ಲಿ ಜೇಬು ಒಂದು ಸಲ ಹೊಡೆಯುತ್ತಿತ್ತು.

ಕೊನೆಗೆ ಒಂದು ದಿನ ಎಂಜಿನಿಯರರ ಮುಂದೆ ಹೋಗಿ ನಿಂತ. "ಸಾರ್, ನನ್ನ ಕೈಲಿ ಆಗಲ್ಲ. ರಾಜೀನಾಮೆ ಕೊಡ್ತೀನಿ."

"ಅಲ್ರೀ, ಆಟೋಮ್ಯಾಟಿಕ್ ಎಲ್ಲಾದ್ರೂ ರಾಜೀನಾಮೆ ಕೊಡುತ್ತೇನ್ರೀ?"

"ಹಾಗಾದ್ರೆ ಒಂದು ದಿನ ರಜಾನಾದ್ರೂ?"

"ಯಂತ್ರ ಕೆಟ್ಟಿದೆ ಅಂತ ಪೇಪರಲ್ಲಿ ಬರುತ್ತೆ."

"ಸಂಬಳ?"

"ಸಂಬಳ ತಗೊಂಡ್ರೆ ನೀವು ಮನುಷ್ಯ ಅಂತ ರೆಕಾರ್ಡ್ ಆಗಿಹೋಗುತ್ತೆ. ಬೇಕಾ ಅದು?"

ಐದ್ನಿಮಿಷಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಸಾರ್, ನನ್ನ ಬದಲಿಗೆ ಬೇರೆ ಯಾರಾದ್ರೂ ಆದರೆ?"

"ಯಾರಾದ್ರೂ ಆಗಲಿ, ನನಗೇನು? ಫೋನ್ ಹೊಡೆದಾಗ ನೀರು ಬರಬೇಕು."

ಅವತ್ತು ಮಧ್ಯಾಹ್ನ ಅವನು ಮನೆಗೆ ಬಂದಾಗ ಭಾವಮೈದ ಕುರ್ಚಿ ಒರೆಸುತ್ತಿದ್ದ. ಪಕ್ಕದಲ್ಲಿ ಹನ್ನೊಂದು ಸಲಾಕೆಗಳೂ ಗೋಡೆಗೆ ಸಾಲಾಗಿ ಒರಗಿದ್ದವು. ಹೆಂಡತಿ ಅವನ ಮುಖ ನೋಡಿದಳು, ಬೊಬ್ಬೆ ಎದ್ದ ಅಂಗೈ ನೋಡಿದಳು. "ರೀ, ಒಂದು ಐದು ನಿಮಿಷ ಕೂತ್ಕೊಳ್ಳಿ," ಅಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ 'ಬೇಗ ಬನ್ನಿ' ಅನ್ನದೆ 'ಕೂತ್ಕೊಳ್ಳಿ' ಅಂದದ್ದು ಅದೇ ಮೊದಲು.

ಆದರೆ ಅವನು ಕೂರಲಿಲ್ಲ. ಭಾವಮೈದನ ಎರಡೂ ಭುಜ ಹಿಡಿದು ಮೆಲ್ಲಗೆ ಕುರ್ಚಿಗೆ ಒತ್ತಿ ಕೂರಿಸಿದ.

"ಅಯ್ಯೋ ಭಾವ, ನಾನು ಇದರಲ್ಲಿ..."

"ಕೂತ್ಕೋಪ್ಪ. ಇದು ನಿನ್ನದೇ ಜಾಗ. ನಾನೇ ದಾರಿ ತಪ್ಪಿ ಬಂದು ಕೂತಿದ್ದೆ. ಎಷ್ಟು ವರ್ಷದಿಂದ ಸರ್ಕಾರಿ ಕೆಲಸಕ್ಕೆ ಓದ್ತಿದೀಯ?"

"ಆರು."

"ಪರೀಕ್ಷೆ ಇಲ್ಲದೆ, ಇಂಟರ್‌ವ್ಯೂ ಇಲ್ಲದೆ, ಇಡೀ ಊರಿಗೆ ಒಬ್ಬನೇ ಇರೋ ಹುದ್ದೆ ಸಿಕ್ಕರೆ?"

ಭಾವಮೈದನ ಕಣ್ಣು ಅಗಲವಾಯಿತು. "ಪರ್ಮನೆಂಟಾ ಭಾವ?"

"ಪರ್ಮನೆಂಟೇ. ಬಿಡ್ತೀನಿ ಅಂದ್ರೂ ಬಿಡಲ್ಲ."

ಐದ್ನಿಮಿಷಪ್ಪ ಜೇಬಿನಿಂದ ಫೋನು ತೆಗೆದು ಕುರ್ಚಿಯ ಕೈಯ ಮೇಲಿಟ್ಟ. ಸಲಾಕೆಗಳನ್ನು ಒಂದೊಂದಾಗಿ ಗೋಡೆಯಿಂದ ಎತ್ತಿ ಕುರ್ಚಿಗೆ ಒರಗಿಸಿದ. ಹಳೆಯ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

"ಇದನ್ನೆಲ್ಲ ಒಂಚೂರು ನೋಡ್ಕೊಳ್ಳಪ್ಪ. ಐದು ನಿಮಿಷದಲ್ಲಿ ಬಂದೆ."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ಐದ್ನಿಮಿಷಪ್ಪ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. ಎಷ್ಟಾದರೂ ಒಡಹುಟ್ಟಿದ ತಮ್ಮ, ಈಗೊಂದು ಮಾತು ಅಂದರೆ ಮುಗಿಯಿತು. ಅವಳು ಕುರ್ಚಿಯಲ್ಲಿ ಕೂತವನನ್ನು ನೋಡಿದಳು, ಸಲಾಕೆಗಳನ್ನು ನೋಡಿದಳು, ಗಂಡನ ಹೆಗಲ ಮೇಲಿನ ಟವೆಲನ್ನು ನೋಡಿದಳು.

"ರೀ," ಅಂದಳು, "ಐದು ನಿಮಿಷ ಇರಿ. ಚಪ್ಪಲಿ ಹಾಕ್ಕೊಂಡು ನಾನೂ ಬಂದೆ."

ಎರಡೇ ನಿಮಿಷಕ್ಕೆ ಬಂದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಹಿಂದೆ ಮನೆಯೊಳಗೆ ಫೋನು ಒಂದೇ ಸಲ ಹೊಡೆದು ಸುಮ್ಮನಾಯಿತು.

"ಭಾವಾ, ಇದು ಯಾಕೆ ಹೊಡ್ಕೊಳ್ತಾ ಇದೆ?" ಎಂದು ಒಳಗಿನಿಂದ ಕೇಳಿಸಿತು.

ಇಬ್ಬರೂ ತಿರುಗಿ ನೋಡಲಿಲ್ಲ.